ನಾನು ಬಯಲು ಮಾಡಿದ ಷರಾ

ಸರ್ಕಾರಿ ರಿಜಿಸ್ಟರುಗಳನ್ನು ನೋಡಿದವರಿಗೆ ಷರಾ ಕಾಲಂ ಗೊತ್ತಿರುತ್ತದೆ. ಪುಟದ ಬಲತುದಿಯಲ್ಲಿ, ಉಳಿದೆಲ್ಲ ಕಾಲಂಗಳು ಮುಗಿದ ಮೇಲೆ ಮಿಕ್ಕ ಜಾಗ ಅದು. ವಿಶೇಷವಾಗಿ ಹೇಳುವುದೇನಾದರೂ ಇದ್ದರೆ ಅಲ್ಲಿ ಬರೆಯಬೇಕು. ಸಾಮಾನ್ಯವಾಗಿ ಯಾರೂ ಏನೂ ಬರೆಯುವುದಿಲ್ಲ. ಎರಡು ವರ್ಷದ ಹಿಂದೆ ನಾನು ಆ ಕಾಲಂ ಅನ್ನು ಜಗತ್ತಿಗೆಲ್ಲ ತೆರೆದಿಟ್ಟೆ. ಅದರಿಂದ ಖಾನಾಪುರದ ಹತ್ತಿರದ ಪಾರಿಶ್ವಾಡ ಹಳ್ಳಿಯ ಒಬ್ಬ ಹಿರಿಯರ ಮರ್ಯಾದೆಗೆ ಪೆಟ್ಟು ಬಿತ್ತು. ಯಾರೂ ನನ್ನನ್ನು ಬೈಯಲಿಲ್ಲ, ಮೆಮೊ ಕೊಡಲಿಲ್ಲ. ಅದಕ್ಕೇ ನಾನಾಗಿ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಗಳ ಯಾದಿ ನೋಡಿಕೊಳ್ಳುವವಳು. ಗ್ರಂಥಾಲಯದ ಹೆಸರು ಬೇಡ. ನಿವೃತ್ತಿಗೆ ಇನ್ನು ಸ್ವಲ್ಪವೇ ದಿನ ಉಳಿದಿದೆ. ನನ್ನ ಸ್ವಭಾವ ಎಂಥದು ಎಂದು ಸಹೋದ್ಯೋಗಿಗಳನ್ನು ಕೇಳಿದರೆ, ಮೊದಲು ಬಾಗಿಲ ಕಡೆ ನೋಡಿ ಆಮೇಲೆ ಹೇಳುತ್ತಾರೆ. ಒಂದು ಅಕ್ಷರ ಆಚೀಚೆ ಆದರೂ ನನಗೆ ಅನ್ನ ಸೇರುವುದಿಲ್ಲ. ಇದಕ್ಕೆ ಕಾರಣವೂ ಇದೆ. ಹಿಂದೊಮ್ಮೆ ನಮ್ಮ ಯಾದಿಯನ್ನು ಕಂಪ್ಯೂಟರಿಗೆ ಹಾಕಲು ಹೊರಗಿನವರಿಗೆ ಕೊಟ್ಟಿದ್ದರು. ಆ ಪುಣ್ಯಾತ್ಮರು ಕನ್ನಡ, ಮರಾಠಿ, ಉರ್ದು ಎಲ್ಲ ಪುಸ್ತಕಗಳ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬಡಿದು, ಉದ್ದವಾದದ್ದನ್ನು ಅರ್ಧಕ್ಕೆ ಕತ್ತರಿಸಿ, ತಮಗೆ ತಿಳಿಯದ ಕಾಲಂಗಳನ್ನು ಕೈಬಿಟ್ಟು ಹೋಗಿದ್ದರು. ಮರಾಠಿ ಅಡುಗೆ ಪುಸ್ತಕವೊಂದು ಕೃಷಿ ವಿಭಾಗದಲ್ಲಿ ಬಹಳ ವರ್ಷ ಇತ್ತು. ಇನ್ನೊಮ್ಮೆ ಇಂಥ ಕೆಲಸ ಬಂದರೆ ಒಂದು ಚುಕ್ಕೆಯನ್ನೂ ಬಿಡಕೂಡದು ಎಂದು ಆಗಲೇ ಹಟ ತೊಟ್ಟಿದ್ದೆ.

ಆ ಕೆಲಸ ಬಂತು. ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ಎಲ್ಲಿದೆ, ಎಷ್ಟು ಸಲ ಎರವಲು ಹೋಗಿದೆ ಎಂಬ ಮಾಹಿತಿಯನ್ನೆಲ್ಲ ಫೈಲು ಮಾಡಿ ಇಂಟರ್ನೆಟ್ಟಿನಲ್ಲಿ ಇಡಬೇಕು, ಸಾಫ್ಟ್‌ವೇರ್ ಬರೆಯುವ ಯಾರೇ ಆದರೂ ಅನುಮತಿ ಕೇಳದೆ ಅದನ್ನು ಇಳಿಸಿಕೊಂಡು ಬಳಸಬಹುದು ಎಂದು ಮೇಲಿನವರು ಒಪ್ಪಿದರು. ಒಪ್ಪಿಸಿದವಳು ಬೆಳಗಾವಿಯದೇ ಅನಗೋಳ ಬಡಾವಣೆಯ ಒಬ್ಬ ಹುಡುಗಿ. ಹಗಲು ಕಂಪನಿಯ ಕೆಲಸ, ರಜೆಯ ದಿನ ಇಂಥ ಉಸಾಬರಿ. ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು ಮಾಡುವವಳು.

"ಮ್ಯಾಡಮ್, ನೀವ ಏನೂ ಚಂದ ಮಾಡಾಕ ಹೋಗಬ್ಯಾಡ್ರಿ. ರಿಜಿಸ್ಟರ್‌ನ್ಯಾಗ ಹೆಂಗ ಐತಿ ಹಂಗ ಕೊಡ್ರಿ. ಆಮ್ಯಾಲ ಅದರಿಂದ ಯಾರ ಏನ್ ಮಾಡ್ತಾರ ನಮಗ ಈಗ ಗೊತ್ತಾಗೂದಿಲ್ಲ" ಎಂದಳು.

ಇಷ್ಟು ದಿನಕ್ಕೆ ನನ್ನ ಭಾಷೆ ಆಡುವವರೊಬ್ಬರು ಸಿಕ್ಕರು ಎಂದು ನನಗೆ ಖುಷಿಯಾಯಿತು. ಚಹಾ ತರಿಸಿದೆ. ನಾನು ಚಹಾ ತರಿಸುವುದು ಅಪರೂಪ.

ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಎಚ್ಚರವಾಗಿದ್ದೆವು. ಎರವಲು ರಿಜಿಸ್ಟರಿನಲ್ಲಿ ಓದುಗರ ಹೆಸರು, ವಿಳಾಸ, ಕಾರ್ಡ್ ನಂಬರ್ ಇರುತ್ತವೆ. ಯಾರು ಏನು ಓದುತ್ತಾರೆ ಎಂಬುದು ಅವರವರ ಮನೆಯ ಮಾತು. ಹೆಸರು, ವಿಳಾಸಗಳನ್ನು ತೆಗೆದು ಹಾಕಿದೆ. ಕಾರ್ಡ್ ನಂಬರುಗಳನ್ನೂ ಬದಲಿಸಿದೆ. ಮೂರು ಸಲ ತಾಳೆ ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬೆಳಗಾವಿಯ ಭಾಗ ಬೇಗ ಮುಗಿಯಿತು. ಉಳಿದದ್ದು ನಮ್ಮ ಖಾನಾಪುರದ ಶಾಖೆ. ಅಲ್ಲಿಯ ಹಳೆಯ ರಿಜಿಸ್ಟರುಗಳೆಲ್ಲ ಕೈಬರಹದವು. ಬೇರೆಯವರ ಕೈಗೆ ಕೊಡುವ ಮನಸ್ಸಾಗದೆ ನಾನೇ ಲ್ಯಾಪ್‌ಟಾಪ್ ಹೊತ್ತು ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದೆ. ಒಂದು ಮಳೆಗಾಲ ಪೂರ್ತಿ ಅದೇ ಆಯಿತು. ಬೆಳಗಾವಿಯಲ್ಲಿ ಹತ್ತಿ, ದೇಸೂರ ದಾಟುವಷ್ಟರಲ್ಲಿ ಡಬ್ಬಿ ಬಿಚ್ಚಿ ಅವಲಕ್ಕಿ ತಿಂದು, ಖಾನಾಪುರದಲ್ಲಿ ಇಳಿದು ನೇರ ಕಪಾಟಿನ ಮುಂದೆ ಕೂಡುವುದು.

ಆ ಶಾಖೆಯಲ್ಲಿ ಬಹಳ ವರ್ಷ ಇದ್ದ ಗ್ರಂಥಪಾಲಕರು ನಿವೃತ್ತರಾಗಿ ಈಗ ಅನಗೋಳದಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಕೆಲಸಕ್ಕೆ ಸೇರಿದಾಗ ನನಗೆ ಯಾದಿ ಬರೆಯುವುದನ್ನು ಕಲಿಸಿದವರು ಅವರೇ. ಅವರ ರಿಜಿಸ್ಟರಿನಲ್ಲಿ ಷರಾ ಕಾಲಂ ಖಾಲಿ ಇರಲಿಲ್ಲ. ಜಾಗ ಸಾಲದೆ ಅಡ್ಡಡ್ಡ ಬರೆದಿದ್ದರು. ಬರೆದದ್ದೆಲ್ಲ ತಮ್ಮ ನಂತರ ಆ ಕುರ್ಚಿಗೆ ಬರುವವರಿಗೆ ಸೂಚನೆ. ಒಂದು ಪತ್ತೇದಾರಿ ಕಾದಂಬರಿಯ ಮುಂದೆ, "ಕೊನೆಯ ಹಾಳೆ ಇಲ್ಲ. ಕೊಲೆಗಾರ ಡಾಕ್ಟರ್. ಕೇಳಿದವರಿಗೆ ಮಾತ್ರ ಹೇಳುವುದು." ಒಂದು ಕಪಾಟಿನ ಮೊದಲ ಪುಸ್ತಕದ ಮುಂದೆ, "ಮಳೆಗಾಲದಲ್ಲಿ ಈ ಕಪಾಟು ತೆರೆಯಬಾರದು. ತೆರೆದರೆ ಮತ್ತೆ ಮುಚ್ಚುವುದು ದೀಪಾವಳಿಗೆ." ಅಡುಗೆ ಪುಸ್ತಕವೊಂದರ ಮುಂದೆ, "ಹೋಳಿಗೆಯ ಹಾಳೆಯನ್ನು ಹರಿದುಕೊಂಡಿದ್ದಾರೆ. ಯಾರೆಂದು ಗೊತ್ತಿದೆ. ಹೋಳಿಗೆ ಚೆನ್ನಾಗಿತ್ತು." ನಾನು ಒಬ್ಬಳೇ ಕೂತು ನಕ್ಕಿದ್ದಕ್ಕೆ ಈಗಿನ ಗ್ರಂಥಪಾಲಕರು ಒಳಗಿನಿಂದ ಬಂದು ನೋಡಿ ಹೋದರು.

ಎರವಲು ರಿಜಿಸ್ಟರಿನ ಒಂದು ಪುಟದಲ್ಲಿ ಈ ಷರಾ ಇತ್ತು. ಈಗಲೂ ನನಗೆ ಬಾಯಿಪಾಠ ಇದೆ.

"ಪಾರಿಶ್ವಾಡದ ಗುಲಾಬಿ ರುಮಾಲಿನ ಹಿರಿಯರು. ಇವರಿಗೆ ಓದಲು ಬರುವುದಿಲ್ಲ. ನಮಗೆ ಗೊತ್ತಿದೆ ಎಂದು ತೋರಿಸಕೂಡದು. ಯಾವಾಗಲೂ ದಪ್ಪ ಪುಸ್ತಕವನ್ನೇ ಕೊಡುವುದು, ತೆಳ್ಳಗಿನದು ಕೊಟ್ಟರೆ ಬೇಸರಪಡುತ್ತಾರೆ. ತಿರುಗಿ ತಂದಾಗ ಹೇಗಿತ್ತು ಎಂದು ಕೇಳುವುದು. ಹೇಳಿದ್ದನ್ನು ಪೂರ್ತಿ ಕೇಳುವುದು. ಇವರು ಹೇಳುವ ಕಥೆ ಪುಸ್ತಕದಲ್ಲಿರುವುದಕ್ಕಿಂತ ಚೆನ್ನಾಗಿರುತ್ತದೆ."

ಓದಿ ನನ್ನ ಕಣ್ಣು ತುಂಬಿದವು. ಕನ್ನಡಕ ಒರೆಸಿಕೊಂಡೆ. ಆಮೇಲೆ ಅದನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಗಮನಿಸದೆ ಆದ ತಪ್ಪು ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ಗಮನಿಸಿದ್ದೆ. ಇಷ್ಟು ಚಂದದ್ದನ್ನು ಬಿಡುವುದು ಹೇಗೆ ಎಂದುಕೊಂಡೆ. ಹೆಸರು ಇಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಪಾರಿಶ್ವಾಡದಲ್ಲಿ ಗುಲಾಬಿ ರುಮಾಲು ಸುತ್ತುವವರು ಎಷ್ಟು ಜನ ಇದ್ದಾರು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು.

ಫೈಲು ಇಂಟರ್ನೆಟ್ಟಿಗೆ ಹೋಯಿತು. ಅದರಿಂದ ಒಳ್ಳೆಯದು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಡುಗಿ ಅದನ್ನು ಇಟ್ಟುಕೊಂಡು ವೆಬ್‌ಸೈಟ್ ಮಾಡಿದಳು. ಪುಸ್ತಕದ ಹೆಸರು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಒತ್ತಿದರೆ ಅದು ಯಾವ ಊರಿನಲ್ಲಿದೆ ಎಂದು ತೋರಿಸುತ್ತಿತ್ತು. ದೇಸೂರಿನ ಒಬ್ಬ ಟೀಚರು ನನಗೆ ಫೋನ್ ಮಾಡಿ, "ಈಗ ಮನ್ಯಾಗ ಕುಂತ ನೋಡಿ, ಖಾನಾಪುರದ ಗಾಡಿ ಹತ್ತೂದೋ ಬೆಳಗಾಂವಿ ಗಾಡಿ ಹತ್ತೂದೋ ಠರಾಯಿಸ್ತೇನ್ರಿ" ಎಂದರು. ಆ ದಿನ ನಾನು ಮನೆಯಲ್ಲಿ ಯಾರ ಮೇಲೂ ಹರಿಹಾಯಲಿಲ್ಲ. ಹುಬ್ಬಳ್ಳಿ ಕಡೆಯ ಯಾರೋ ಇಬ್ಬರು ಅದೇ ಫೈಲನ್ನು ಇಳಿಸಿಕೊಂಡು ಅಂಧರಿಗೆ ಯಾದಿ ಓದಿ ಹೇಳುವ ಆ್ಯಪ್ ಮಾಡಿದರು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಬಯಲಿಗೆ ಇಡುವುದೆಂದರೆ ಅದೇ.

ಹುಡುಗಿಗೂ ಷರಾಗಳು ಬಹಳ ಹಿಡಿಸಿದವು. ವೆಬ್‌ಸೈಟಿನ ಮೊದಲ ಪುಟದಲ್ಲಿ "ಇವತ್ತಿನ ಷರಾ" ಎಂದು ಒಂದು ಚೌಕ ಮಾಡಿದಳು. ಕಂಪ್ಯೂಟರ್ ತನ್ನಷ್ಟಕ್ಕೆ ದಿನಕ್ಕೊಂದು ಷರಾ ಆರಿಸಿ ಅಲ್ಲಿ ಹಾಕುತ್ತಿತ್ತು. ಕೊಲೆಗಾರ ಡಾಕ್ಟರ್ ಬಂದ ದಿನ ಮಂದಿ ಬಿದ್ದು ಬಿದ್ದು ನಕ್ಕರು. ಹೋಳಿಗೆಯ ದಿನವಂತೂ ಖಾನಾಪುರದಲ್ಲಿ ಹೋಳಿಗೆ ಮಾಡುವ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಜನ ಅದರ ಫೋಟೊ ತೆಗೆದು ವಾಟ್ಸಾಪ್ ಗುಂಪುಗಳಿಗೆ ಕಳಿಸತೊಡಗಿದರು.

ಒಂದು ಬೆಳಿಗ್ಗೆ ನಾನು ಕಚೇರಿಯ ಬೀಗ ತೆಗೆಯುತ್ತಿದ್ದಾಗ ಹುಡುಗಿಯ ಫೋನ್ ಬಂತು. ದನಿ ಸಂತೋಷದಿಂದ ಉಬ್ಬಿತ್ತು.

"ಮ್ಯಾಡಮ್, ಇವತ್ತಿನ ಷರಾ ನೋಡೀರೇನ್ರಿ? ಭಾಳ ಮಂದಿ ಶೇರ್ ಮಾಡ್ಯಾರ. ಓದಿ ನಮ್ಮ ಅವ್ವ ಕಣ್ಣೀರ ಹಾಕಿದ್ಲು."

ನೋಡಿದೆ. ಗುಲಾಬಿ ರುಮಾಲಿನ ಹಿರಿಯರು ದೊಡ್ಡ ಅಕ್ಷರದಲ್ಲಿದ್ದರು. ಟೈಪ್ ಮಾಡುವಾಗ ಚಂದ ಕಂಡದ್ದು ಈಗ ನೋಡಿದರೆ ಚಾಡಿಯ ಹಾಗೆ ಕಂಡಿತು.

"ಮೊದಲ ತಗಿ ಅದನ್ನ" ಎಂದೆ.

"ಯಾಕ್ರಿ ಮ್ಯಾಡಮ್? ಹೆಸರ ಇಲ್ಲಲ್ರಿ ಅದರಾಗ."

"ಆ ಮನುಷ್ಯಾ ಅದಾರ ಇನ್ನೂ. ಖಾನಾಪುರ ಶಾಖೆಗಿ ವಾರಾ ಬರ್ತಾರ, ಈಗಿನ ರಿಜಿಸ್ಟರ್‌ನ್ಯಾಗೂ ಅವರ ಕಾರ್ಡ್ ನಂಬರ್ ಐತಿ. ತಗಿ."

ಹತ್ತು ನಿಮಿಷದಲ್ಲಿ ತೆಗೆದಳು. ಆಮೇಲೆ ಅವಳೇ ಮೆತ್ತಗಿನ ದನಿಯಲ್ಲಿ, ತನ್ನ ವೆಬ್‌ಸೈಟಿನಿಂದ ತೆಗೆದೆ, ಆದರೆ ಫೈಲನ್ನು ಇಳಿಸಿಕೊಂಡವರ ಹತ್ತಿರ ಇದ್ದೇ ಇರುತ್ತದೆ, ಫೋಟೊಗಳೂ ಹೋಗಿಬಿಟ್ಟಿವೆ ಎಂದು ಹೇಳಿದಳು. ಅದೇ ವಾರ ಇಬ್ಬರೂ ಕೂತು ಷರಾ ಕಾಲಂ ಪೂರ್ತಿ ತೆಗೆದು ಹೊಸ ಫೈಲು ಇಟ್ಟೆವು. ಹಳೆಯದನ್ನು ಬಳಸಬೇಡಿ ಎಂದು ಬರೆದೆವು. ಹುಬ್ಬಳ್ಳಿಯವರು ಪಾಪ ಕೂಡಲೇ ಬದಲಿಸಿಕೊಂಡರು. ಉಳಿದವರು ಯಾರೆಂದು ನಮಗೆ ಗೊತ್ತಿಲ್ಲ. ಈಗಲೂ ನಾನು ಗ್ರಂಥಾಲಯದ ಮಾಹಿತಿ ಬಯಲಿಗೇ ಇರಬೇಕು ಎನ್ನುವವಳು. ಯಾರಿಗೋ ಕಿವಿಯಲ್ಲಿ ಹೇಳಿದ್ದು ಗ್ರಂಥಾಲಯದ ಮಾಹಿತಿ ಅಲ್ಲ, ಅಷ್ಟು ತಿಳಿಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಫೋನ್ ಬಂದ ಆ ದಿನ ಸಂಜೆಯೇ ಅನಗೋಳಕ್ಕೆ ಹೋಗಿದ್ದೆ. ಹಳೆಯ ಗ್ರಂಥಪಾಲಕರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಫೋನಿನಲ್ಲಿ ತೋರಿಸಿದೆ. ಓದಿ ಮುಗಿಸಿದರು. ಶೇಂಗಾದ ಬುಟ್ಟಿಯನ್ನು ಬಾಜೂಕ್ಕೆ ಸರಿಸಿದರು.

"ಇದು ನನ್ನ ನಂತರ ಬರೂರಿಗಿ ಬರದದ್ದು, ತಂಗಿ. ಒಬ್ರಿಗಿ" ಎಂದರು.

ಅವರು ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಮಾಡಲಿಲ್ಲ. ಆ ಹಿರಿಯರು ಪ್ರತಿ ಸಂಕ್ರಾಂತಿಗೆ ಎಳ್ಳು-ಬೆಲ್ಲ ಕಟ್ಟಿಕೊಂಡು ಅನಗೋಳದ ಮನೆಗೆ ಬರುತ್ತಾರಂತೆ. ಬಂದು ಇದೇ ಕಟ್ಟೆಯ ಮೇಲೆ ಕೂತು, ವರ್ಷದಲ್ಲಿ ಓದಿದ್ದರಲ್ಲಿ ಒಂದನ್ನು ಆರಿಸಿ ಕಥೆ ಹೇಳಿ ಹೋಗುತ್ತಾರಂತೆ. ಮಗಳು, ಮೊಮ್ಮಕ್ಕಳೂ ಕೇಳಲು ಕೂಡುತ್ತಾರಂತೆ.

"ಹಂಗಾರ ನೀವ ಪಾರಿಶ್ವಾಡಕ್ಕ ಬರ್ರಿ ಸರ್, ಇಬ್ರೂ ಕೂಡಿ ಹೋಗಿ ಮಾಫಿ ಕೇಳೂಣು" ಎಂದೆ.

ಅವರು ತಲೆ ಅಲ್ಲಾಡಿಸಿದರು. "ನಾ ಬರಬಾರದು. ನನ್ನ ಮಾರಿ ಅವರ ನೋಡಬಾರದು ಈಗ. ನೀವ ಹೋಗ್ರಿ."

ನನಗೆ ರೇಗಿತು. ಬರೆದವರು ಇವರು, ಮುಖ ತೋರಿಸಬೇಕಾದವಳು ನಾನೇ ಎಂದುಕೊಂಡೆ. ಊರವರು ಹಿರಿಯರನ್ನು ಆಡಿಕೊಳ್ಳುತ್ತಿರುತ್ತಾರೆ, ನನ್ನಿಂದಾದ ತಪ್ಪು ಎಂದು ನಾಲ್ಕು ಜನರ ಮುಂದೆ ಹೇಳಿ, ಅವರ ಮರ್ಯಾದೆಯನ್ನು ಆದಷ್ಟು ಎತ್ತಿ ನಿಲ್ಲಿಸಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಬೇಕಾದರೆ ಆ ಷರಾ ಸುಳ್ಳು, ಬೇರೆ ಯಾರದೋ ಎಂದು ಹೇಳಲೂ ತಯಾರಾಗಿದ್ದೆ. ಮೂವತ್ತು ವರ್ಷ ಒಂದೂ ತಪ್ಪು ದಾಖಲೆ ಬರೆಯದವಳು ನಾನು.

ಮರುದಿನ ಖಾನಾಪುರದಿಂದ ಬಸ್ ಹಿಡಿದು ಪಾರಿಶ್ವಾಡದಲ್ಲಿ ಇಳಿದೆ. ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಗುಲಾಬಿ ರುಮಾಲಿನವರ ಮನೆ ಕೇಳಿದ ಕೂಡಲೇ ಅಲ್ಲಿದ್ದವರು ನಕ್ಕರು. ಒಬ್ಬರು, "ಕಂಪ್ಯೂಟರ್‌ನ್ಯಾಗ ಬಂದಾರಲ್ರಿ, ಅವರ ಮನಿ ಏನು?" ಎಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ತೋರಿಸಿದ ಓಣಿಯಲ್ಲಿ ಬೇಗ ಬೇಗ ನಡೆದೆ.

ಹಿರಿಯರು ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ರುಮಾಲು ಗೂಟದ ಮೇಲಿತ್ತು. ರುಮಾಲಿಲ್ಲದ ತಲೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕಂಡಿತು. ಪಕ್ಕದಲ್ಲಿ ನಮ್ಮ ಶಾಖೆಯ ಮುದ್ರೆಯಿದ್ದ ಒಂದು ದಪ್ಪ ಪುಸ್ತಕ, ಧೂಳು ಕೂಡದಂತೆ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದರು.

"ಬರ್ರಿ ಬಾಯಾರ, ಕುಂದರ್ರಿ. ಎಲ್ಲಿಂದ ಬಂದ್ರಿ?"

ಯಾರು, ಎಲ್ಲಿಂದ ಎಂದು ಹೇಳಿದೆ. ಅವರ ಹೆಂಡತಿ ನೀರು, ಬೆಲ್ಲ ತಂದಿಟ್ಟು ಒಳಗೆ ಹೋದರು. ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಬದಿಗಿಟ್ಟೆ. ಖಾನಾಪುರದ ಹಳೆಯ ಗ್ರಂಥಪಾಲಕರು ಬರೆದಿಟ್ಟದ್ದನ್ನು ಊರಿಗೆಲ್ಲ ತೋರಿಸಿದ ತಪ್ಪು ನನ್ನದು ಎಂದಷ್ಟೇ ಹೇಳಿದೆ. ಬೇರೆ ಯಾರದೋ ಎಂಬ ಸುಳ್ಳನ್ನು ಆ ಮುಖದ ಮುಂದೆ ಆಡಲಾಗಲಿಲ್ಲ.

ಅವರು ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು. ಆಮೇಲೆ, "ಹುಡುಗೂರು ಏನೇನೋ ಹೇಳಿದ್ರು. ಒಬ್ರ ಹೇಳಿದ್ದು ಒಬ್ರಿಗಿ ಕೂಡೂದಿಲ್ಲ. ಅವರ ಬರದದ್ದು ಏನೈತಿ, ಪೂರ್ತಿ ಓದಿ ಹೇಳ್ರಿ" ಎಂದರು.

ಓದುವುದು ಬೇಡ ಎನಿಸಿತು. ಆದರೆ ಅದು ಅವರ ಬಗ್ಗೆ ಬರೆದದ್ದು, ಜಗತ್ತೆಲ್ಲ ಓದಿದೆ, ಅವರೊಬ್ಬರೇ ಕೇಳಿಲ್ಲ. ಬಾಯಿಪಾಠವಾಗಿದ್ದರಿಂದ ಫೋನ್ ನೋಡಿಕೊಳ್ಳುವ ಅಗತ್ಯ ನನಗಿರಲಿಲ್ಲ. ಮೊದಲಿನಿಂದ ಹೇಳಿದೆ. ದಪ್ಪ ಪುಸ್ತಕದ ಮಾತು ಬಂದಾಗ ಅವರ ತುಟಿ ಸ್ವಲ್ಪ ಅಲುಗಿತು. ಕೊನೆಯ ಮಾತನ್ನು ಬೇಕೆಂದೇ ನಿಧಾನವಾಗಿ ಹೇಳಿದೆ, ಅವರು ಹೇಳುವ ಕಥೆ ಪುಸ್ತಕದಲ್ಲಿರುವುದಕ್ಕಿಂತ ಚೆನ್ನಾಗಿರುತ್ತದೆ ಎಂಬುದನ್ನು. ಅದನ್ನು ಕೇಳಿ ಮನಸ್ಸು ಹಗುರಾದೀತು ಎಂದು ನನ್ನ ಆಸೆ.

"ಯಾವಾಗ ಬರದದ್ರಿ ಇದು?" ಎಂದು ಕೇಳಿದರು.

ನಿಜ ಹೇಳುವುದು ನನಗೆ ಚಟ. "ನೀವ ನಾಕನೇ ಪುಸ್ತಕ ಒಯ್ದ ದಿನದ್ದ್ರಿ. ಮೊದಲನೇ ರಿಜಿಸ್ಟರ್‌ನ್ಯಾಗ ಐತಿ."

"ಅಂದ್ರ ಮೊದಲಿಂದಾನ."

"ಹೌದ್ರಿ."

ಅವರು ಅಂಗಳದ ಕಡೆ ನೋಡಿದರು. ಅಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿ ಬಿಟ್ಟರೆ ಏನೂ ಇರಲಿಲ್ಲ. ಚಹಾದ ಅಂಗಡಿಯ ನಗು ನೆನಪಾಗಿ ನಾನೇ ಮಾತು ತೆಗೆದೆ. ಊರ ಮಂದಿಗೆ ನಾನು ಹೇಳುತ್ತೇನೆ, ಪಂಚಾಯಿತಿಗೆ ಬೇಕಾದರೂ ಬಂದು ಹೇಳುತ್ತೇನೆ ಎಂದೆ.

"ಊರಿಗಿ ಏನ್ ಹೇಳ್ತೀರಿ?" ಅವರು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಜೋಡಿ ದನಾ ಕಾಯ್ದ ಬೆಳದ ಮಂದಿ ಇದು. ನಾ ಸಾಲಿ ಕಟ್ಟಿ ಹತ್ತಿಲ್ಲಂತ ಇವರಿಗಿ ಗೊತ್ತಿಲ್ಲೇನು? ನನ್ನ ಹೇಣ್ತಿಗಿ ಗೊತ್ತೈತಿ, ಮಕ್ಕಳಿಗಿ ಗೊತ್ತೈತಿ. ನಾ ಪುಸ್ತಕ ಬಗಲಾಗ ಹಿಡಕೊಂಡ ಬಸ್ ಹತ್ತಿದ್ರ ಎಲ್ಲಾರೂ ನಗ್ತಾರ, ನಾನೂ ನಗ್ತೇನಿ. ಅದು ಚ್ಯಾಷ್ಟಿ."

ಟವೆಲ್ ಬಿಚ್ಚಿ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಓದಿದಾಂವ ಅಂತ ನನ್ನ ಖರೇ ನಂಬಿದಾವ್ರು ಈ ಭೂಮಿ ಮ್ಯಾಲ ನಿಮ್ಮ ಹಳೇ ಸರ್ ಒಬ್ರ ಅದಾರ ಅಂತ ತಿಳದಿದ್ನಿ. ಅದಕ್ಕ ವಾರಾ ಹೋಗ್ತಿದ್ನಿ. ಅವರು ಅನಗೋಳಕ್ಕ ಹೋದ ಮ್ಯಾಲೂ, ಸಂಕ್ರಾಂತಿಗಿ ಅವರ ಮುಂದ ಹೇಳಾಕ ಒಂದ ಕಥಿ ಬೇಕಲ್ಲ ಅಂತ ಪುಸ್ತಕ ಒಯ್ತಿದ್ನಿ."

ನನಗೆ ಅಳು ತಡೆಯಲಾಗಲಿಲ್ಲ. ಅವರು ಅದನ್ನು ನೋಡಿಯೂ ನೋಡದವರಂತೆ ಎದ್ದು, ಪುಸ್ತಕದ ರಟ್ಟನ್ನು ಅಂಗೈಯಿಂದ ಒಮ್ಮೆ ಒರೆಸಿ, ಎರಡೂ ಕೈಯಿಂದ ನನ್ನ ಕೈಗೆ ಕೊಟ್ಟರು.

"ಇದನ್ನ ನೀವ ಒಯ್ದು ಮುಟ್ಟಿಸಿಬಿಡ್ರಿ ಬಾಯಾರ. ಇನ್ನ ನಾ ಯಾರ ಮುಂದ ಕಥಿ ಹೇಳ್ಲಿ?"